ಚಿತ್ರದಲ್ಲಿ ಇಲ್ಲದವರು

ಬೆಂಗಳೂರಿನ ಪಶ್ಚಿಮ ದಿಕ್ಕಿನಲ್ಲಿ ವಿಜಯನಗರಕ್ಕೂ ಅತ್ತಿಗುಪ್ಪೆಗೂ ಸೇರಿಕೊಂಡಂತೆ ನಮ್ಮ ಬಡಾವಣೆಯಿದೆ. ಹಂಪಿನಗರವೆಂಬುದು ಅದಕ್ಕೊಂದು ಹೆಸರು. ಆರ್‌ಪಿಸಿ ಲೇಔಟ್ ಎಂಬುದು ಮತ್ತೊಂದು. ಮೊದಲನೆಯದು ನನ್ನ ಕಿವಿಗೆ ಹಿತವಾದರೂ ಆಟೋರಿಕ್ಷಾದವರಿಗೆ ಎರಡನೆಯದನ್ನೇ ಹೇಳಬೇಕಾಗುತ್ತದೆ. ಶನಿವಾರದ ದಿನ ಬೆಳಕು ಹರಿಯುವುದಕ್ಕೆ ಮುಂಚೆ ಹಾಲು ತರಲು ಹೊರಟವನಿಗೆ ಇಲ್ಲಿನ ಬೀದಿಗಳಲ್ಲಿ ಒಂದು ಸನ್ನಾಹ ಕಾಣುವುದುಂಟು. ಮೂರು ನಾಲ್ಕು ಮನೆಗಳ ಮುಂದೆ ಕಾರುಗಳ ಹಿಂಬಾಗಿಲು ತೆರೆದಿರುತ್ತದೆ. ಚಿತ್ರಾನ್ನದ ಡಬ್ಬಿ, ಮೊಸರನ್ನದ ಪಾತ್ರೆ, ಜಮಖಾನ, ನೀರಿನ ಕ್ಯಾನು, ನಿದ್ದೆಗಣ್ಣಿನ ಮಕ್ಕಳು, ಬರುವುದಿಲ್ಲವೆಂದು ಹೇಳುತ್ತಲೇ ಸೀರೆ ಬದಲಾಯಿಸಿಕೊಂಡು ಬಂದ ಅಜ್ಜಿ, ಇವರೆಲ್ಲರೂ ಇವೆಲ್ಲವೂ ಒಳಗೆ ಸೇರಿದ ಮೇಲೆ, ಕಟ್ಟಕಡೆಗೆ ಮನೆಯ ಯಜಮಾನನು ಕರಿಯ ಚೀಲವೊಂದನ್ನು ಹಸುಗೂಸಿನಂತೆ ಎತ್ತಿಕೊಂಡು ಬರುತ್ತಾನೆ. ಮೊಸರನ್ನವನ್ನು ಹಿಂದೆ ಇಡಬಹುದು. ಆ ಚೀಲವನ್ನು ಮಾತ್ರ ಯಾರಾದರೂ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಅದರೊಳಗೆ ಕ್ಯಾಮರಾ ಇರುತ್ತದೆ.

ಈ ಯಜಮಾನರಲ್ಲಿ ನನ್ನ ಮಗನೂ ಒಬ್ಬ. ವಾರದ ಐದು ದಿನ ಕಚೇರಿಯಲ್ಲಿ ದುಡಿದು, ಉಳಿದ ಎರಡು ದಿನಗಳಲ್ಲಿ ಹೆಂಡತಿ ಮಗಳನ್ನೂ ತಂದೆತಾಯಿಗಳನ್ನೂ ಕರೆದುಕೊಂಡು ಮಾಗಡಿ, ಸಾವನದುರ್ಗ, ರಾಮನಗರ, ಸೋಮನಾಥಪುರ, ಮೇಲುಕೋಟೆ ಎಂದು ಸುತ್ತಿ ಛಾಯಾಚಿತ್ರಗಳನ್ನು ತೆಗೆಯುವುದು ಅವನ ಹವ್ಯಾಸ. ಅದರಿಂದ ಅವನಿಗೆ ಕಾಸಿನ ಸಂಪಾದನೆಯಿಲ್ಲ. ಖರ್ಚು ಮಾತ್ರ ಉಂಟು. ಇಂಥವನನ್ನು ಕುರಿತು ಬಹುಕಾಲದಿಂದ ನನ್ನ ಮನಸ್ಸಿನಲ್ಲಿದ್ದ ಪ್ರಶ್ನೆಯೊಂದನ್ನು ಈ ಪತ್ರಿಕೆಯ ವಾಚಕರ ಮುಂದೆ ಇಡಬೇಕೆಂದಿದ್ದೇನೆ. ಉಲ್ಲಾಸಕ್ಕಾಗಿ ಮನೆಮಂದಿಯೊಡನೆ ಹೊರಟವನು ದಿನವೆಲ್ಲ ಕಣ್ಣಿಗೆ ಯಂತ್ರವನ್ನು ಅಡ್ಡ ಹಿಡಿದುಕೊಂಡೇ ಇದ್ದರೆ ಅವನು ಅವರೊಡನೆ ಇದ್ದನೆಂದು ಹೇಳಬಹುದೇ? ಕಣ್ಣಿಗೆ ಬಿದ್ದುದನ್ನು ಆಗಲೇ ಅನುಭವಿಸಿ ಬಿಟ್ಟುಬಿಡುವುದು ಉತ್ತಮವೋ, ಹಿಡಿದಿಟ್ಟುಕೊಂಡು ಮನೆಗೆ ತರುವುದು ಉತ್ತಮವೋ? ನಾನು ಇದಕ್ಕೆ ಮೂವತ್ತು ವರ್ಷ ಒಂದೇ ಉತ್ತರವನ್ನು ಹೇಳುತ್ತ ಬಂದೆ. ಆ ಉತ್ತರ ತರ್ಕದಲ್ಲಿ ತಪ್ಪೆಂದು ಈಗಲೂ ನನಗೆ ತೋರುವುದಿಲ್ಲ. ಅದು ತಪ್ಪಾದದ್ದು ಬೇರೊಂದು ಎಡೆಯಲ್ಲಿ.

ನಾನು ಮೇಲುಕೋಟೆಯ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು. ಅಲ್ಲಿಂದ ಬಂದು ಪ್ರೌಢಶಾಲೆಯ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ವಿಶ್ರಾಂತನಾದೆ. ಗುರುಗಳು ಬಾಯಿಂದ ಹೇಳಿದ್ದನ್ನು ಬಾಯಿಂದಲೇ ಒಪ್ಪಿಸಿ ಕಲಿತವರಿಗೆ, ನೆನಪಿನಲ್ಲಿ ನಿಲ್ಲದ ವಸ್ತುವು ನಿಲ್ಲಲು ಯೋಗ್ಯವೇ ಅಲ್ಲವೆಂಬ ಒಂದು ಗರ್ವ ಬೆಳೆದುಬಿಡುತ್ತದೆ. ಪುಸ್ತಕದಲ್ಲಿರುವ ವಿದ್ಯೆಯೂ ಪರರ ಕೈಯಲ್ಲಿರುವ ಹಣವೂ ಸಮಯಕ್ಕೆ ಒದಗುವುದಿಲ್ಲವೆಂಬುದು ನಮ್ಮಲ್ಲಿ ಹಳೆಯ ಮಾತು. ಛಾಯಾಚಿತ್ರದಲ್ಲಿರುವ ನೆನಪನ್ನೂ ನಾನು ಅದೇ ಸಾಲಿಗೆ ಸೇರಿಸಿದ್ದೆ. ಇದರ ಜೊತೆಗೆ ವೈರಾಗ್ಯದ ಮಾತು ಬೇರೆ: ರೂಪವು ಅನಿತ್ಯ, ಅದರ ನೆರಳು ಇನ್ನೂ ಅನಿತ್ಯ, ನೆರಳನ್ನು ಕಾಗದಕ್ಕೆ ಅಂಟಿಸಿಕೊಂಡು ಹಿಗ್ಗುವುದು ಬಾಲಿಶ, ಎಂಬುದಾಗಿ. ಯಾರಾದರೂ ಕ್ಯಾಮರಾ ಎತ್ತಿದೊಡನೆ ನಾನು ಪಕ್ಕಕ್ಕೆ ಸರಿಯುತ್ತಿದ್ದೆ. ನನ್ನ ಮದುವೆಯ ಚಿತ್ರಗಳಲ್ಲಿಯೂ ನಾನು ತಲೆ ಬಗ್ಗಿಸಿಯೇ ಇದ್ದೇನೆ. ಪುರೋಹಿತರ ಕಡೆಗೆ ಗಮನವಿತ್ತೆಂದು ಆಗ ಸಮಾಧಾನ ಹೇಳಿದ್ದೆ.

ನನ್ನ ಹೆಂಡತಿಗೆ ಚಿತ್ರವೆಂದರೆ ಆಸೆ. 1992ರಲ್ಲಿ, ಮಗನು ಐದು ವರ್ಷದವನಾಗಿದ್ದಾಗ, ಅವಳ ತಮ್ಮನಿಂದ ಒಂದು ಆಗ್ಫಾ ಕ್ಲಿಕ್ ಕ್ಯಾಮರಾವನ್ನು ಕೇಳಿ ತಂದುಕೊಂಡಳು. ಒಂದು ಸುರುಳಿಗೆ 12 ಚಿತ್ರ ಮಾತ್ರ; ಹದಿಮೂರನೆಯದು ಬೇಕೆಂದರೆ ಇನ್ನೊಂದು ಸುರುಳಿಯನ್ನು ಕೊಳ್ಳಬೇಕು. ಸ್ಕೂಟರಿನಲ್ಲಿ ಮುಂದೆ ಮಗನನ್ನು ನಿಲ್ಲಿಸಿಕೊಂಡು, ಹಿಂದೆ ಅವಳನ್ನು ಕೂರಿಸಿಕೊಂಡು, ಮೈಸೂರು ರಸ್ತೆಯಲ್ಲಿ ಕೆಂಗೇರಿಯನ್ನು ದಾಟಿ ರಾಮೋಹಳ್ಳಿಯ ಕಡೆಗೆ ತಿರುಗಿ ಕೇತೋಹಳ್ಳಿಯ ದೊಡ್ಡ ಆಲದ ಮರವನ್ನು ನೋಡಲು ಹೋದೆವು. ಆ ಮರಕ್ಕೆ ನಾನೂರು ವರ್ಷಗಳ ವಯಸ್ಸೆಂದು ಅಂದಾಜು. ಸುಮಾರು ಮೂರು ಎಕರೆಗಳನ್ನು ಆವರಿಸಿಕೊಂಡಿದೆ. ಹನ್ನೆರಡರಲ್ಲಿ ಹನ್ನೊಂದು ಚಿತ್ರಗಳು ಮಗನವೂ ಬಿಳಲುಗಳವೂ ಆದುವು. ಹನ್ನೆರಡನೆಯದಕ್ಕೆ ಅವಳು ದಾರಿಹೋಕನೊಬ್ಬನ ಕೈಗೆ ಕ್ಯಾಮರಾವನ್ನು ಕೊಟ್ಟು ನನ್ನನ್ನು ಕರೆದಳು. ನಾನು, “ಮರವನ್ನು ನೋಡು, ಮರ ಇಲ್ಲಿಯೇ ಇರುತ್ತದೆ; ನಮ್ಮನ್ನು ತೆಗೆದು ಏನಾಗಬೇಕು?” ಎಂದೆ. ಆ ಮರದ ಮೂಲಕಾಂಡವು ಆಮೇಲೆ ರೋಗಕ್ಕೆ ತುತ್ತಾಗಿ ನಶಿಸಿತು. ಈಗ ನಿಂತಿರುವುದು ಬಿಳಲುಗಳೇ ಬೇರುಬಿಟ್ಟು ಕಾಂಡಗಳಾದ ಕಾಡು. ಇಲ್ಲಿಯೇ ಇರುತ್ತದೆಂದು ನಾನು ಹೇಳಿದ ಕಾಂಡವು ಇಂದು ಇರುವುದು ಅಂಥ ಯಾರಾದರೂ ತೆಗೆದುಕೊಂಡ ಚಿತ್ರಗಳಲ್ಲಿ ಮಾತ್ರ.

ಯಾತ್ರೆಗೆ ಕ್ಯಾಮರಾವನ್ನು ಹೊತ್ತುಕೊಂಡು ಹೋಗುವ ಚಾಳಿ ಈ ಸೀಮೆಗೆ ಹೊಸದೇನೂ ಅಲ್ಲ. ಡಾಗೆರ್ ಎಂಬ ಫ್ರೆಂಚ್ ಗೃಹಸ್ಥನ ವಿಧಾನವು ಪ್ಯಾರಿಸ್ಸಿನಲ್ಲಿ ಪ್ರಕಟವಾದದ್ದು 1839ರಲ್ಲಿ. ಅದಾದ ಹದಿನೈದು ವರ್ಷಗಳಿಗೆ, 1854ರ ಡಿಸೆಂಬರಿನಲ್ಲಿ, ಮದರಾಸು ಸೈನ್ಯದ ಕ್ಯಾಪ್ಟನ್ ಲಿನೇಯಸ್ ಟ್ರೈಪ್ ಎಂಬವನು ಹಳೇಬೀಡು ಬೇಲೂರುಗಳಿಗೆ ಹೋಗಿ ಕಾಗದದ ನೆಗೆಟಿವುಗಳ ಮೇಲೆ ಅಲ್ಲಿನ ದೇವಾಲಯಗಳ ಬಿಂಬವನ್ನು ಹಿಡಿದನು. ಸರ್ಕಾರದ ಛಾಯಾಚಿತ್ರಕಾರನೆಂಬ ಪದವಿ ಅವನಿಗೆ ಬಂದದ್ದು ಆಮೇಲೆ. ಆಗ ಅವನೂ ಹವ್ಯಾಸಿಯೇ. ಆ ಚಿತ್ರಗಳು 1855ರ ಮದರಾಸು ಪ್ರದರ್ಶನದಲ್ಲಿ ಮನ್ನಣೆ ಪಡೆದುವು. ಅಂದಿನ ಕಾಗದಕ್ಕೆ ಬೆಳಕು ಬಹಳ ಹೊತ್ತು ಬೀಳಬೇಕಾಗಿತ್ತು. ಕಲ್ಲು ಅಲುಗದೆ ನಿಲ್ಲುತ್ತದೆ, ಆದುದರಿಂದ ಮೂಡುತ್ತದೆ. ಓಡಾಡುವ ಮನುಷ್ಯನು ಮಬ್ಬಾಗಿ ಅಳಿಸಿಹೋಗುತ್ತಾನೆ. ಪೆಟ್ಟಿಗೆಗಳನ್ನು ಹೊತ್ತವರು, ನೀರು ತಂದುಕೊಟ್ಟವರು, ಅಡಿಗೆ ಮಾಡಿದವರು ಅಂಥ ಪ್ರಯಾಣದಲ್ಲಿ ಇರದೆ ಇದ್ದಾರೆಯೇ? ನಮ್ಮ ಮನೆಯ ಪ್ರವಾಸಗಳಲ್ಲಿಯೂ ಅಲುಗದೆ ಕುಳಿತವರೆಷ್ಟು ಜನ, ಡಬ್ಬಿ ಬಿಚ್ಚುತ್ತ ಬಡಿಸುತ್ತ ಓಡಾಡುತ್ತಿದ್ದವರೆಷ್ಟು ಜನ ಎಂಬುದನ್ನು ನಾನು ಲೆಕ್ಕ ಹಾಕಿದ್ದು ಈಚೆಗೆ.

ಪ್ರಕೃತಕ್ಕೆ ಬರುತ್ತೇನೆ. 2020ರ ಜನವರಿಯಲ್ಲಿ ನಾವು ಐವರೂ ಮೇಲುಕೋಟೆಗೆ ಹೋದೆವು. ಬಿಡದಿಯಲ್ಲಿ ತಟ್ಟೆ ಇಡ್ಲಿ, ಮದ್ದೂರಿನಲ್ಲಿ ವಡೆ. ಈ ಎರಡು ವಿಧಿಗಳನ್ನು ಲೋಪ ಮಾಡಿ ಆ ದಾರಿಯಲ್ಲಿ ಪ್ರಯಾಣ ಮಾಡುವ ಬೆಂಗಳೂರಿನವರು ಆಗ ವಿರಳ. ಜಕ್ಕನಹಳ್ಳಿಯ ಮೂಲಕ ಬೆಟ್ಟವೇರಿ, ಚೆಲುವನಾರಾಯಣನ ದರ್ಶನವನ್ನು ಮುಗಿಸಿಕೊಂಡು, ಪುಳಿಯೋಗರೆಯನ್ನು ತಿಂದು, ಮಧ್ಯಾಹ್ನ ಇಳಿಹೊತ್ತಿಗೆ ಕಲ್ಯಾಣಿಯ ಮೆಟ್ಟಿಲಿಗೆ ಬಂದೆವು. ಮೇಲೆ ಯೋಗನರಸಿಂಹನ ಗುಡಿ. ಕೆಳಗೆ ಮಂಟಪಗಳ ಕಂಬಗಳು ನೀರಿನಲ್ಲಿ ತಲೆಕೆಳಗಾಗಿ ನಿಂತಿದ್ದುವು. ನಾನು ಹುಡುಗನಾಗಿ ಮಿಂದ ನೀರು ಅದು. ಮಗನು ಕೆಳಗಿನ ಮೆಟ್ಟಿಲಿನಲ್ಲಿ ಮಂಡಿಯೂರಿ ಕ್ಯಾಮರಾವನ್ನು ಸರಿಪಡಿಸಿಕೊಂಡನು. ಅವಳು ಕುಳಿತು, ತನ್ನ ಎಡಗಡೆಯ ಕಲ್ಲನ್ನು ಸೆರಗಿನಿಂದ ಒರಸಿ, ಅದರ ಮೇಲೆ ಅಂಗೈಯಿಟ್ಟು, “ಬನ್ನೀಂದ್ರೆ, ಒಂದು ಗಳಿಗೆ ಕೂತ್ಕೊಳ್ಳಿ. ಇಬ್ಬರದೂ ಒಂದಾದರೂ ಇರಲಿ,” ಎಂದಳು.

ನಾನು ಕೂರಲಿಲ್ಲ. ನಾನು ಓದಿದ ಊರು, ಹಳೆಯ ಪರಿಚಯದವರು ಯಾರಾದರೂ ನೋಡಿದರೆ ಏನೆಂದುಕೊಂಡಾರೆಂಬ ಸಂಕೋಚ ಒಂದು ಕಡೆ. ಇನ್ನೊಂದು ಕಡೆ, ಮೊಮ್ಮಗಳ ಮುಂದೆ ಉಪದೇಶ ಮಾಡಲು ಒದಗಿದ ಅವಕಾಶ. ನೀರಿನ ಪ್ರತಿಬಿಂಬವನ್ನು ತೋರಿಸಿ ಬಿಂಬಪ್ರತಿಬಿಂಬಗಳ ವಿಷಯವಾಗಿ ನಾಲ್ಕು ಮಾತು ಹೇಳಿದೆ. ಚೆನ್ನಾಗಿಯೇ ಹೇಳಿದೆನೆಂದು ಆಗ ತೋರಿತು. ಅವಳು ನಕ್ಕು ಸುಮ್ಮನಾದಳು. ಮಗನು ಅಷ್ಟರಲ್ಲಿ ಗುಂಡಿಯನ್ನು ಒತ್ತಿಬಿಟ್ಟಿದ್ದನು.

2023ರ ಆಷಾಢದಲ್ಲಿ ಅವಳು ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು. ಇದನ್ನು ವಿಸ್ತರಿಸುವ ಅವಶ್ಯಕತೆಯಿಲ್ಲ. ಹನ್ನೊಂದನೆಯ ದಿನದ ಹೊತ್ತಿಗೆ ಹಾರ ಹಾಕಲು ಒಂದು ಪಟ ಬೇಕಾಯಿತು. ಮಗನು ರಾತ್ರಿಯೆಲ್ಲ ಗಣಕಯಂತ್ರದ ಮುಂದೆ ಕುಳಿತು ಹುಡುಕಿದನು. ನಾನು ಹಿಂದೆ ಕುರ್ಚಿಯ ಮೇಲೆ ಕುಳಿತಿದ್ದೆ. ಹನ್ನೊಂದು ಸಾವಿರ ಚಿತ್ರಗಳು. ಕೆರೆಗಳು, ಬಂಡೆಗಳು, ಗೋಪುರಗಳು, ಮಗುವಿನ ನಗು. ಅವಳು ಇದ್ದ ಚಿತ್ರಗಳಲ್ಲಿಯೂ ಬಹುಪಾಲು ಅವಳು ಬಗ್ಗಿಕೊಂಡಿದ್ದಳು, ಬುತ್ತಿಯ ಮೇಲೆಯೋ ಮೊಮ್ಮಗಳ ಚಪ್ಪಲಿಯ ಮೇಲೆಯೋ. ನಾನು ಇದ್ದದ್ದು ಇನ್ನೂ ಕಡಿಮೆ. ಎಲ್ಲರಿಗಿಂತ ಮುಂದೆ ನಡೆದುಹೋಗುತ್ತಿರುವ ಒಂದು ಬೆನ್ನು, ಹೆಗಲ ಮೇಲೊಂದು ವಸ್ತ್ರ, ಚೌಕಟ್ಟಿನ ಅಂಚಿನಲ್ಲಿ ಒಂದು ಕೊಡೆ. ನಾವಿಬ್ಬರೂ ಒಟ್ಟಿಗೆ ಮುಖ ತೋರಿಸಿದ ಚಿತ್ರ ಒಂದಾದರೂ ಸಿಕ್ಕಲಿಲ್ಲ. ಕಡೆಗೆ ಕಲ್ಯಾಣಿಯ ಮೆಟ್ಟಿಲಿನ ಚಿತ್ರವನ್ನೇ ಆರಿಸಿದೆವು. ಅದರಲ್ಲಿ ಅವಳ ಎಡಗೈ ಪಕ್ಕದ ಬರಿಯ ಕಲ್ಲಿನ ಮೇಲಿದೆ. ಕಣ್ಣು ಕ್ಯಾಮರಾದ ಕಡೆಗಿಲ್ಲ. ಚೌಕಟ್ಟಿನ ಆಚೆ ನಿಂತು ಪ್ರವಚನ ಮಾಡುತ್ತಿದ್ದವನ ಕಡೆಗಿದೆ.

ಚೌಕಟ್ಟು ಹಾಕುವವನು ಬಹಳ ಸಜ್ಜನ. “ಯಜಮಾನ್ರೇ, ಈ ಪಕ್ಕ ಖಾಲಿ ಬಿದ್ದಿದೆ, ಕೈ ಬೇರೆ ಚಾಚಿದ ಹಾಗಿದೆ. ಕತ್ತರಿಸಿ ಮುಖವನ್ನು ಮಧ್ಯಕ್ಕೆ ತರಲೇ?” ಎಂದು ಕೇಳಿದನು. ಆಗಲೆಂದೆ. ಪಟವು ಮನೆಗೆ ಬಂದು, ಹಾರ ಹಾಕಿ, ದೀಪ ಹಚ್ಚಿ, ಬಂದವರೆಲ್ಲ ಊಟ ಮಾಡಿ ಹೋದ ಮೇಲೆ, ನಾನು ಆಗಲೆಂದು ಹೇಳಿ ಕತ್ತರಿಸಿದ್ದು ಏನನ್ನೆಂದು ನನಗೆ ತಿಳಿಯಿತು.

ಭವಭೂತಿಯ ಉತ್ತರರಾಮಚರಿತೆಯನ್ನು ನಾನು ಎಷ್ಟು ಸಲ ಪಾಠ ಹೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಅದರ ಮೊದಲನೆಯ ಅಂಕಕ್ಕೆ ಚಿತ್ರದರ್ಶನವೆಂದೇ ಹೆಸರು ರೂಢಿಯಾಗಿದೆ. ಗರ್ಭಿಣಿಯಾದ ಸೀತೆ ತಂದೆಯು ಊರಿಗೆ ಹೊರಟುಹೋದನೆಂದು ಬೇಸರದಲ್ಲಿದ್ದಾಳೆ. ಅವಳ ವಿನೋದಕ್ಕಾಗಿ ಲಕ್ಷ್ಮಣನು ತಾವು ಹೇಳಿದಂತೆ ಚಿತ್ರಕಾರನು ಬರೆದು ಮುಗಿಸಿದ ಚಿತ್ರಮಾಲೆಯನ್ನು ತೋರಿಸುತ್ತಾನೆ. ಮಿಥಿಲೆಯ ಮದುವೆಯಿಂದ ಅಗ್ನಿಶುದ್ಧಿಯವರೆಗೆ ಆ ಸಂಸಾರದ ಸಮಸ್ತ ಪ್ರಯಾಣವೂ ಅಲ್ಲಿದೆ. ಇಂದಿನ ಮನೆಗಳಲ್ಲಿ ಆಲ್ಬಂ ತೆರೆದುಕೊಂಡು ಕೂರುವ ಭಾನುವಾರದ ಸಂಜೆಗೂ ಆ ದೃಶ್ಯಕ್ಕೂ ನನಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಮಂಥರೆಯ ಚಿತ್ರ ಬಂದಾಗ ರಾಮನು ಉತ್ತರ ಕೊಡದೆ ಮುಂದಿನ ಚಿತ್ರಕ್ಕೆ ಹೋಗುತ್ತಾನೆ; ಮಧ್ಯದ ತಾಯಿಯ ವೃತ್ತಾಂತವನ್ನು ಅಣ್ಣನು ಮರೆಸಿದನೆಂದು ಲಕ್ಷ್ಮಣನು ಮನಸ್ಸಿನಲ್ಲಿಯೇ ಅಂದುಕೊಳ್ಳುತ್ತಾನೆ. ಶೂರ್ಪಣಖಿಯ ಚಿತ್ರವನ್ನು ಕಂಡು ಸೀತೆ ಬೆದರುತ್ತಾಳೆ. ಇದು ಚಿತ್ರವಷ್ಟೇ ಎಂದು ರಾಮನು ಸಮಾಧಾನ ಮಾಡುತ್ತಾನೆ. ಹಾಗೆ ಹೇಳಿದ ರಾಮನೇ ಜನಸ್ಥಾನದ ಚಿತ್ರದ ಮುಂದೆ ಕಣ್ಣೀರು ಸುರಿಸುತ್ತಾನೆ.

ಮದುವೆಯ ಚಿತ್ರದ ಬಳಿ ನಡೆಯುವ ಸಣ್ಣ ಸಂಗತಿಯನ್ನು ನಾನು ತರಗತಿಯಲ್ಲಿ ನಗುನಗುತ್ತ ಹೇಳುತ್ತಿದ್ದೆ. ಲಕ್ಷ್ಮಣನು, ಇವಳು ಅತ್ತಿಗೆ, ಇವಳು ಮಾಂಡವಿ, ಇವಳು ಶ್ರುತಕೀರ್ತಿ ಎಂದು ಒಬ್ಬೊಬ್ಬರನ್ನೇ ತೋರಿಸುತ್ತ ತನ್ನ ಹೆಂಡತಿಯನ್ನು ಬಿಟ್ಟುಬಿಡುತ್ತಾನೆ. ಸೀತೆ, ಇನ್ನೊಬ್ಬಳಿದ್ದಾಳಲ್ಲ, ಅವಳು ಯಾರಪ್ಪಾ ಎಂದು ಹಾಸ್ಯವಾಗಿ ಕೇಳಿದರೆ, ನಾಚಿಕೊಂಡು ಪರಶುರಾಮನ ಚಿತ್ರದ ಕಡೆಗೆ ಬೆರಳು ತೋರಿಸುತ್ತಾನೆ. ಇದು ಲಕ್ಷ್ಮಣನ ವಿನಯ, ಕುಲೀನರ ಸಂಕೋಚ ಎಂದು ಮಕ್ಕಳಿಗೆ ಬರೆಸುತ್ತಿದ್ದೆ. ಪರೀಕ್ಷೆಯಲ್ಲಿ ಹಾಗೆಯೇ ಬರೆದವರಿಗೆ ಅಂಕಗಳನ್ನೂ ಕೊಟ್ಟೆ. ಹೆಂಡತಿಯು ಹೋದ ವರ್ಷದ ಚಾತುರ್ಮಾಸ್ಯದಲ್ಲಿ ಅದನ್ನು ಮತ್ತೆ ಓದಿದಾಗ ಬೇರೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಆ ಮದುವೆಯ ಚಿತ್ರವನ್ನು ಬಿಟ್ಟರೆ ಮುಂದಿನದು ಬಹುಪಾಲು ಕಾಡು. ಅಲ್ಲಿ ಊರ್ಮಿಳೆ ಇರಲಾರಳು, ಏಕೆಂದರೆ ಅವಳನ್ನು ಅರಮನೆಯಲ್ಲಿ ಬಿಟ್ಟು ಹೋಗಿತ್ತು. ಇದ್ದ ಒಂದು ಚಿತ್ರದಲ್ಲಿಯೂ ಅವಳ ಹೆಸರನ್ನು ಹೇಳಬೇಕಾದವನು ಹೇಳಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಚಿತ್ರಗಳನ್ನು ನೋಡಲು ಅವಳನ್ನು ಯಾರೂ ಕರೆಯಲಿಲ್ಲ. ರಾಮ, ಸೀತೆ, ಲಕ್ಷ್ಮಣ, ಮೂವರೇ ರಂಗದ ಮೇಲಿದ್ದಾರೆ. ವಿನಯವು ಲಕ್ಷ್ಮಣನದು, ಅದರ ಸೊಗಸೂ ಅವನದು. ಆದರೆ ಅದರಿಂದ ಬಂದ ನಷ್ಟ ಅವನದಲ್ಲ. ಕವಿಯು ಇದನ್ನು ಉದ್ದೇಶಿಸಿದನೋ ಇಲ್ಲವೋ ಎಂಬ ಚರ್ಚೆಯನ್ನು ಪಂಡಿತರು ಮಾಡಲಿ.

ನನ್ನ ತಪ್ಪು ಯಾವ ಎಡೆಯಲ್ಲಿತ್ತೆಂಬುದು ಹೊಳೆದದ್ದು ಕಾವ್ಯದಿಂದಲ್ಲ, ಮೀಮಾಂಸೆಯಿಂದ. ಜೈಮಿನಿ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ವಿಶ್ವಜಿತ್ ಎಂಬ ಯಾಗದ ವಿಚಾರ ಬರುತ್ತದೆ. ಅದರಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ಕೊಟ್ಟುಬಿಡಬೇಕು. ಸರ್ವಸ್ವವೆಂದರೆ ಏನೇನು ಸೇರುತ್ತದೆ? ನನ್ನ ತಂದೆ, ನನ್ನ ತಾಯಿ ಎನ್ನುತ್ತೇವಲ್ಲ. ಅವರನ್ನೂ ದಾನ ಮಾಡಬೇಕೇ? ಕೂಡದು, ಯಾವುದರ ಮೇಲೆ ಸ್ವತ್ವವುಂಟೋ ಅದನ್ನು ಮಾತ್ರ ಕೊಡಬಹುದು, ತಂದೆತಾಯಿಗಳ ಮೇಲೆ ಅಂಥ ಸ್ವತ್ವವಿಲ್ಲ. ಅರಸನಾದರೆ ಭೂಮಂಡಲವನ್ನೇ ಕೊಡಬಹುದೇ? ಕೂಡದು, ಭೂಮಿಯು ಎಲ್ಲರಿಗೂ ಸಮಾನ. ಯಾಗದ ಲೆಕ್ಕಾಚಾರವೆಂದು ಹುಡುಗರಾಗಿ ನಾವು ಆಕಳಿಸುತ್ತ ಕೇಳಿದ ಅಧಿಕರಣ ಇದು.

ಅದನ್ನು ಇಲ್ಲಿಗೆ ಅನ್ವಯಿಸಿಕೊಂಡು ನೋಡಿದೆ. ನನ್ನ ರೂಪ ನನ್ನದೆಂದೂ, ಅದನ್ನು ತೋರಿಸುವುದೂ ಮರೆಸುವುದೂ ನನ್ನ ಇಚ್ಛೆಯೆಂದೂ ನಾನು ಭಾವಿಸಿದ್ದೆ. ಆದರೆ ನನ್ನ ಮುಖದಿಂದ ನನಗೆ ಆದ ಉಪಯೋಗವಾದರೂ ಏನು? ಕ್ಷೌರದ ಹೊತ್ತಿನಲ್ಲಿ ಕನ್ನಡಿಯೊಳಗೆ ಕಂಡಷ್ಟೇ ನನಗೆ ಅದರ ಪರಿಚಯ. ಮೂವತ್ತೊಂಬತ್ತು ವರ್ಷ ಅದನ್ನು ಹಗಲೂ ರಾತ್ರಿ ನೋಡಿ, ಅದರ ಸಿಟ್ಟು ಸೆಡವು ಹಸಿವು ಆಯಾಸಗಳನ್ನು ಓದಿಕೊಂಡವಳು ಬೇರೆಯವಳು. ಬಾಳಿದ ಭೂಮಿಯ ಮೇಲೆ ಉಳುವವನಿಗಿರುವ ಹಕ್ಕು ಅವಳಿಗೆ ನನ್ನ ಮುಖದ ಮೇಲೆ ಇತ್ತು. ಅದನ್ನು ನಾನು ತ್ಯಾಗಮಾಡಿದೆನೆಂದು ಬೀಗಿದೆ. ನನ್ನದಲ್ಲದ್ದನ್ನು ಬಿಟ್ಟುಕೊಟ್ಟು ವೈರಾಗ್ಯದ ಹೆಸರು ಹೊತ್ತೆ. ಅವಳು ಕೇಳಿದ್ದು ನೆರಳನ್ನೂ ಅಲ್ಲ, ಮಾಯೆಯನ್ನೂ ಅಲ್ಲ. ಒಂದು ಗಳಿಗೆ ಪಕ್ಕದಲ್ಲಿ ಕೂರುವುದನ್ನು. ಚಿತ್ರವು ಅದಕ್ಕೊಂದು ನೆಪ. ಯಂತ್ರವನ್ನು ಹಿಡಿದವನು ಮನೆಮಂದಿಯೊಡನೆ ಇರುತ್ತಾನೋ ಇಲ್ಲವೋ ಎಂದು ನಾನು ಮಗನನ್ನು ಕುರಿತು ಕೇಳುತ್ತಿದ್ದೆನಲ್ಲ, ಆ ದಿನ ಕಲ್ಯಾಣಿಯಲ್ಲಿ ಇಲ್ಲದೆ ಇದ್ದವನು ಅವನಲ್ಲ.

ಹಾಗೆಂದು ಕ್ಯಾಮರಾ ಹಿಡಿದವರೆಲ್ಲರಿಗೂ ನಾನು ಶರಣಾಗಿದ್ದೇನೆಂದು ವಾಚಕರು ತಿಳಿಯಬಾರದು. ನನ್ನ ಮುಖ ನನ್ನದಲ್ಲವೆಂದರೆ ಅದು ಗುಂಡಿ ಒತ್ತಿದವನದೂ ಆಗಲಾರದು. ಮೇಲುಕೋಟೆಯ ಪ್ರವಾಸದ ಮರುತಿಂಗಳು ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆವು. ಮದ್ದೂರು ತಾಲ್ಲೂಕಿನ ಆ ಹಳ್ಳಿಯಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಿಸೆಮರಗಳಲ್ಲಿಯೇ ಗೂಡು ಕಟ್ಟಿ ಮರಿ ಮಾಡುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದು ಊರಿನವರು ಅವುಗಳನ್ನು ಭಾವಿಸುತ್ತಾರೆ. ಹುಣಿಸೆಯ ಫಸಲಿನಲ್ಲಿ ನಷ್ಟವಾದರೂ ಮರವನ್ನು ಬಡಿಯುವುದಿಲ್ಲ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕಿ ಬಿಡುತ್ತಾರೆ. 2007ರಲ್ಲಿ ಸರ್ಕಾರವು ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಅಲ್ಲಿ ನಮ್ಮಂತೆಯೇ ಬೆಂಗಳೂರಿನಿಂದ ಬಂದಿದ್ದ ಒಬ್ಬ ಯುವಕನು, ಹಕ್ಕಿ ಕುಳಿತೇ ಇದ್ದರೆ ಚಿತ್ರಕ್ಕೆ ಕಳೆ ಬರುವುದಿಲ್ಲವೆಂದು ಮರದ ಕೆಳಗೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದನು. ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಮುದುಕಿಯೊಬ್ಬಳು ತಲೆಯೆತ್ತಿ, “ಲೋ ಮಗ, ಬಾಣಂತಿ ಮನೆ ಮುಂದೆ ನಿಂತ್ಕಂಡು ಯಾರಾದ್ರೂ ಚಪ್ಪಾಳೆ ಹೊಡೀತಾರಾ?” ಎಂದಳು. ನನ್ನ ಪ್ರವಚನಕ್ಕೆ ಇರದ ಶಕ್ತಿ ಆ ಒಂದು ಮಾತಿಗೆ ಇತ್ತು. ಅವನು ನಾಚಿ ಕೈ ಕೆಳಗಿಳಿಸಿದನು. ಈಚೆಗೆ ಅನೇಕ ಛಾಯಾಚಿತ್ರ ಪ್ರದರ್ಶನಗಳು ಗೂಡಿನಲ್ಲಿರುವ ಹಕ್ಕಿಯ ಚಿತ್ರಗಳನ್ನು ಸ್ವೀಕರಿಸುವುದಿಲ್ಲವೆಂದು ಮಗನು ಹೇಳುತ್ತಾನೆ. ಆ ಮುದುಕಿಯ ನ್ಯಾಯವೇ ನಿಯಮವಾಗಿ ಅಚ್ಚಾಗಿದೆಯೆಂದು ಕೇಳಿ ಸಂತೋಷವಾಯಿತು. ಕಲ್ಯಾಣಿಯಲ್ಲಿ ಸ್ನಾನ ಮಾಡುವ ಹೆಂಗಸರ ಕಡೆಗೆ ಕೇಳದೆ ಕ್ಯಾಮರಾ ತಿರುಗಿಸುವವರಿಗೂ ಇಂಥ ಮುದುಕಿಯೊಬ್ಬಳು ಬೇಕು.

ಇನ್ನು ಉಳಿದದ್ದು ಮಗನ ವಿಷಯ. ಪಟವನ್ನು ಗೋಡೆಗೆ ಹಾಕಿದ ಕೆಲವು ತಿಂಗಳ ಮೇಲೆ ಒಂದು ಭಾನುವಾರ ಮೊಮ್ಮಗಳು ಹಳೆಯ ಪ್ರವಾಸಗಳ ಚಿತ್ರಗಳನ್ನು ನೋಡುತ್ತ ಕುಳಿತಿದ್ದಳು. ಸಾವನದುರ್ಗ ಮುಗಿಯಿತು, ಸೋಮನಾಥಪುರ ಮುಗಿಯಿತು. ಇದ್ದಕ್ಕಿದ್ದಂತೆ ನನ್ನ ಕಡೆಗೆ ತಿರುಗಿ, “ತಾತ, ಅಪ್ಪ ಯಾಕೆ ಎಲ್ಲೂ ಇಲ್ಲ? ಅಪ್ಪ ನಮ್ಮ ಜೊತೆ ಬಂದಿರಲಿಲ್ವಾ?” ಎಂದು ಕೇಳಿದಳು. ಬಂದಿದ್ದನು, ಅವನೇ ಕರೆದುಕೊಂಡು ಹೋದದ್ದು, ನೀನು ನೋಡುತ್ತಿರುವುದೆಲ್ಲ ಅವನು ನೋಡಿದ್ದು ಎಂದು ಹೇಳಿದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ನನಗೂ ಆಗಲಿಲ್ಲ. ಹನ್ನೊಂದು ಸಾವಿರದಲ್ಲಿ ಮಗನು ಇದ್ದದ್ದು, ಅವನ ನೆರಳು ಹುಲ್ಲಿನ ಮೇಲೆ ಬಿದ್ದ ಕೆಲವನ್ನು ಬಿಟ್ಟರೆ, ಎಂಟೋ ಒಂಬತ್ತೋ. ಅವನ ತಾಯಿ ಬದುಕಿದ್ದಾಗ, “ಸಾಕು ಬಾರೋ, ನೀನೂ ನಿಂತ್ಕೋ,” ಎಂದು ಕರೆಯುತ್ತಿದ್ದಳು. ಅವನು ಇನ್ನೊಂದು, ಇನ್ನೊಂದು ಎನ್ನುತ್ತಿದ್ದನು. ತಂದೆಯ ಗುಣ ಮಗನಿಗೆ ಹೀಗೆ ಬೇರೆ ದಾರಿಯಿಂದ ಬಂದಿರಬಹುದು.

2024ರ ಡಿಸೆಂಬರಿನಲ್ಲಿ ಮತ್ತೆ ಮೇಲುಕೋಟೆಗೆ ಹೋದೆವು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನೆಲ್ಲ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಅದೇ ವರ್ಷದ ಆಗಸ್ಟಿನಿಂದ ಅದರ ಮೇಲೆ ಸ್ಕೂಟರುಗಳಿಗೆ ಪ್ರವೇಶವಿಲ್ಲ; ಮುಂದೆ ಮಗುವನ್ನು ನಿಲ್ಲಿಸಿಕೊಂಡು ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಹೊರಟವರು ಪಕ್ಕದ ರಸ್ತೆಯನ್ನೇ ಹಿಡಿಯಬೇಕು. ಬೇಗ ತಲಪಿದೆವೆಂಬುದು ನಿಜ. ವಡೆ ತಿನ್ನಲಿಲ್ಲವೆಂಬುದೂ ನಿಜ.

ಕಲ್ಯಾಣಿಯಲ್ಲಿ ನೀರು ತುಂಬಿತ್ತು. ಮಗನು ಎಂದಿನಂತೆ ಕೆಳಗಿನ ಮೆಟ್ಟಿಲಿಗಿಳಿದು ನಮ್ಮ ಕಡೆಗೆ ತಿರುಗಿದನು. ನಾನು ಇಳಿದುಹೋಗಿ ಕೈಚಾಚಿ ಕ್ಯಾಮರಾವನ್ನು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. “ಏನಪ್ಪಾ, ಕೆಟ್ಟುಹೋಗಿದೆಯೇ?” ಎಂದು ಯಂತ್ರವನ್ನೇ ತಿರುಗಿಸಿ ನೋಡಿದನು. ಮೇಲೆ ಹೋಗಿ ಹೆಂಡತಿ ಮಗಳ ಜೊತೆ ಕೂತುಕೋ ಎಂದೆ. ಪಟ್ಟಿಯನ್ನು ನನ್ನ ಕುತ್ತಿಗೆಗೆ ಹಾಕಿ, ಯಾವ ಗುಂಡಿಯನ್ನು ಎಷ್ಟು ಒತ್ತಬೇಕೆಂದು ನಾನು ಅವನಿಗೆ ಅಕ್ಷರಾಭ್ಯಾಸ ಮಾಡಿಸಿದಾಗಿನ ತಾಳ್ಮೆಯಿಂದಲೇ ಹೇಳಿಕೊಟ್ಟು, ಮೆಟ್ಟಿಲು ಹತ್ತಿದನು. ಆ ಯಂತ್ರ ನಾನು ತಿಳಿದಿದ್ದಕ್ಕಿಂತ ಭಾರವಾಗಿತ್ತು. ಸಣ್ಣ ಕಿಂಡಿಗೆ ಕಣ್ಣಿಟ್ಟಾಗ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಬಗಳು, ಆಮೇಲೆ ಅವರು ಮೂವರು. ಮಗನ ತಲೆಯಲ್ಲಿ ನರೆ ಬಂದಿರುವುದನ್ನು ನಾನು ಅಂದು ಕಂಡೆ. ಒಂದೇ ಮನೆಯಲ್ಲಿದ್ದೇವೆ, ದಿನವೂ ಎದುರು ಬದುರು ಕುಳಿತು ಊಟಮಾಡುತ್ತೇವೆ. ಅವನು ಕುಳಿತ ಮೇಲೆ, ಏನು ಮಾಡಬೇಕೆಂದು ತೋರದೆ, ಎಡಗೈಯನ್ನು ಪಕ್ಕದ ಕಲ್ಲಿನ ಮೇಲೆ ಊರಿದನು.

ಎರಡು ಸಲ ಒತ್ತಿದೆ. ಮೊದಲನೆಯದರಲ್ಲಿ ಸೊಸೆ ಕಣ್ಣು ಮುಚ್ಚಿದ್ದಾಳೆ. ಎರಡನೆಯದು ಸ್ವಲ್ಪ ಅಲುಗಿದೆ. ಮೊಮ್ಮಗಳ ಪಾದಗಳು ಚೌಕಟ್ಟಿನಿಂದ ಹೊರಗೆ ಉಳಿದಿವೆ. ಮಗನ ಕೈ ಮಾತ್ರ ಪೂರ್ತಿಯಾಗಿ ಬಂದಿದೆ. ಅದನ್ನು ಅಚ್ಚು ಹಾಕಿಸಿ ತಂದಿದ್ದೇನೆ. ಈ ಸಲ ಕತ್ತರಿಸಲು ಬಿಡಲಿಲ್ಲ.